ಬಾವಿಕಟ್ಟೆ ಸೊಪ್ಪಿಗೆ ಸಾಕ್ಷಿ ಯಾರು?

ಪುಣೆಯಲ್ಲಿ ಗಿಡಮೂಲಿಕೆ ನೋಡಬೇಕು ಅಂದರೆ ಗಣಪತಿ ಹಬ್ಬದ ಹಿಂದಿನ ದಿನ ಮಂಡಈಗೆ ಹೋಗಬೇಕು. 1880ರ ದಶಕದಲ್ಲಿ ಬ್ರಿಟಿಷರು ರೇ ಮಾರ್ಕೆಟ್ ಎಂದು ಹೆಸರಿಟ್ಟು ಕಟ್ಟಿಸಿದ, ಈಗ ಮಹಾತ್ಮಾ ಫುಲೆ ಮಂಡಈ ಆಗಿರುವ ಆ ಕಲ್ಲುಕಟ್ಟಡದ ಸುತ್ತ ಹಳ್ಳಿ ಹೆಂಗಸರು ಗೋಣಿತಾಟು ಹಾಸಿಕೊಂಡು, ಎಲೆಗಳನ್ನು ಗುಡ್ಡೆ ಹಾಕಿಕೊಂಡು ಕೂತಿರುತ್ತಾರೆ. (ಈ ಮಾರ್ಕೆಟ್ಟಿಗೆ ಅಷ್ಟು ಹಣ ಸುರಿಯಬೇಡಿ ಎಂದು ಆಗಿನ ಮುನಿಸಿಪಾಲಿಟಿಯಲ್ಲಿ ವಾದಿಸಿದವರಲ್ಲಿ ಫುಲೆಯವರೂ ಒಬ್ಬರು. ಕೊನೆಗೆ ಅವರ ಹೆಸರನ್ನೇ ಅದಕ್ಕೆ ಇಟ್ಟರು!) ಅವರು ಮಾರುವುದು ಪತ್ರಿ, ಅಂದರೆ ಗಣಪತಿಗೆ ಏರಿಸುವ ಇಪ್ಪತ್ತೊಂದು ಬಗೆಯ ಎಲೆ. ಹತ್ತು ರೂಪಾಯಿಗೋ ಇಪ್ಪತ್ತಕ್ಕೋ ಒಂದು ಕಟ್ಟು ಕೊಂಡು ಮನೆಗೆ ತಂದು, ಒಂದೊಂದೇ ಎಲೆ ಬಿಡಿಸಿ ಇಟ್ಟರೆ ನಮ್ಮ ಅಜ್ಜಿಯರ ಅರ್ಧ ಔಷಧಾಲಯ ಟೇಬಲ್ಲಿನ ಮೇಲೆ ಬಂದ ಹಾಗೆ.

ನಾನು ಕೆಲವು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಪೂಜೆಗೆ ಒಂದು ಕಟ್ಟು, ನನಗೆ ಒಂದು ಕಟ್ಟು. ಆಘಾಡಾ ಅಂದರೆ ನಮ್ಮ ಉತ್ತರಾಣಿ. ರುಯಿ ಅಂದರೆ ಎಕ್ಕ. ಧೋತ್ರಾ ಅಂದರೆ ಉಮ್ಮತ್ತಿ. ಮಾಕಾ ಅಂದರೆ ಏನು ಎಂದು ಬಹಳ ದಿನ ತಿಳಿದಿರಲಿಲ್ಲ. ಒಂದು ಸಲ ಮಾರುವ ಹೆಂಗಸನ್ನೇ ಕೇಳಿದೆ. "ಕೂದಲಿಗೆ ಒಳ್ಳೇದು ಸಾಹೇಬ, ಎಣ್ಣೆಗೆ ಹಾಕ್ತಾರಲ್ಲ" ಎಂದು ಮರಾಠಿಯಲ್ಲಿ ಹೇಳಿ ಒಂದು ಎಲೆಯನ್ನು ಬೆರಳಲ್ಲಿ ಹೊಸಕಿ ತೋರಿಸಿದಳು. ಬೆರಳು ಕಪ್ಪಾಯಿತು. ಕೂಡಲೇ ಹೊಳೆಯಿತು, ಗರುಗ! ಅಮ್ಮ ಗರುಗದ ಸೊಪ್ಪಿನ ಎಣ್ಣೆ ಕಾಯಿಸುತ್ತಿದ್ದಾಗ ಅವಳ ಬೆರಳುಗಳೂ ಹೀಗೇ ಕಪ್ಪಾಗುತ್ತಿದ್ದವು. ನಮ್ಮೂರಲ್ಲಿ ಗದ್ದೆಯ ಬದುವಿನಲ್ಲಿ ತುಳಿದುಕೊಂಡು ಓಡಾಡುತ್ತಿದ್ದ ಗಿಡವನ್ನು ಪುಣೆಯಲ್ಲಿ ದುಡ್ಡು ಕೊಟ್ಟು ಕೊಂಡು, ಗುರುತು ಹಿಡಿಯಲು ಮೂವತ್ತು ವರ್ಷ ಬೇಕಾಯಿತು.

ಈ ಹುಚ್ಚು ಹತ್ತಲು ಕಾರಣ ಒಂದು ಹಾಳೆ. ಅದರ ಕತೆ ಸ್ವಲ್ಪ ಹೇಳಿಬಿಡುತ್ತೇನೆ.

1986ರಲ್ಲಿ ಮಗಳು ಹುಟ್ಟಿದಾಗ ಬಾಣಂತನಕ್ಕೆ ನನ್ನ ಅಮ್ಮನೇ ಊರಿಂದ ಬಂದಿದ್ದಳು. ಹೆಂಡತಿಗೆ ತಾಯಿ ಇರಲಿಲ್ಲ. ಅಮ್ಮನಿಗೆ ಸಾಗರ ದಾಟಿ ಗೊತ್ತಿದ್ದದ್ದೇ ಕಡಿಮೆ, ಮರಾಠಿ ಒಂದಕ್ಷರ ಬಾರದು. ಬಂದ ಮೂರನೇ ದಿನ, "ಬಜೆ ಬೇಕು, ನಡಿ ಅಂಗಡಿಗೆ" ಎಂದು ಹೊರಟಳು. ಮಂಡಈ ಹತ್ತಿರ ಒಂದು ಕಾಷ್ಠೌಷಧಿ ಅಂಗಡಿ. ನೂರಾರು ಡಬ್ಬ, ಗಾಜಿನ ಭರಣಿ, ಒಣಬೇರಿನ ವಾಸನೆ. ನಾನು ಇಂಗ್ಲಿಷು, ಹಿಂದಿ, ಅರ್ಧಂಬರ್ಧ ಮರಾಠಿ ಎಲ್ಲ ಬಳಸಿ ನೋಡಿದೆ. ಬಜೆ ಎಂದರೆ ಆತನಿಗೆ ಅರ್ಥವಾಗಲಿಲ್ಲ. ಅಮ್ಮ ಸುಮ್ಮನೆ ಕಟ್ಟೆ ಹತ್ತಿ, ಒಂದೊಂದು ಡಬ್ಬಕ್ಕೂ ಮೂಗು ಹಾಕಿ, ಐದನೆಯದೋ ಆರನೆಯದೋ ಡಬ್ಬದ ಮೇಲೆ ಕೈ ಇಟ್ಟಳು. "ವೇಖಂಡ!" ಎಂದ ಅಂಗಡಿಯವ. ಆಮೇಲೆ ಇಬ್ಬರಿಗೂ ನಾನು ಬೇಕಾಗಲೇ ಇಲ್ಲ. ಅಳಲೆಕಾಯಿ ತೋರಿಸಿದರೆ ಆತ "ಹಿರಡಾ" ಅನ್ನುವುದು, ಮಾಚಿಕಾಯಿ ತೋರಿಸಿದರೆ "ಮಾಯಫಳ" ಅನ್ನುವುದು. ತಿರುಚಿಕೊಂಡ ಎಡಮುರಿ ಕಾಯಿಯನ್ನು ಎತ್ತಿ ಹಿಡಿದಾಗ ಆತ "ಮುರುಡಶೇಂಗ" ಎಂದು ಕೈಯನ್ನು ತಿರುಚಿ ತೋರಿಸಿದ, ಅಮ್ಮನೂ "ಹ್ಞಾಂ ಎಡಮುರಿ" ಎಂದು ಅದೇ ಥರ ಕೈ ತಿರುಚಿದಳು. ಎರಡು ಭಾಷೆಯವರೂ ಕಾಯಿಯ ತಿರುವು ನೋಡಿಯೇ ಹೆಸರಿಟ್ಟಿದ್ದರು.

ಮಗುವಿಗೆ ಇವನ್ನೆಲ್ಲ ಸಾಣೆಕಲ್ಲಿನ ಮೇಲೆ ಒಂದೊಂದು ಸುತ್ತು ತೇದು ಹಾಲಲ್ಲಿ ನೆಕ್ಕಿಸುವುದು. ಇಲ್ಲಿಯವರು ಬಾಳಗುಟಿ ಎನ್ನುವುದೂ ಹೆಚ್ಚುಕಡಿಮೆ ಅದೇ ಸಾಮಾನು. ಅಮ್ಮ ಊರಿಗೆ ಹೊರಡುವ ಹಿಂದಿನ ರಾತ್ರಿ ನಾನು ಹಾಳೆ ಪೆನ್ನು ಹಿಡಿದು ಕೂತೆ. ಅವಳು ಹೇಳುತ್ತಾ ಹೋದಳು, ನಾನು ಬರೆದುಕೊಂಡೆ. ಇಪ್ಪತ್ತಮೂರು ಹೆಸರು. ಯಾವುದಕ್ಕೆ ಯಾವುದು ಎಂದು ಮುಂದೆ ಒಂದೊಂದು ಪದ: ಕೆಮ್ಮು, ಹೊಟ್ಟೆನೋವು, ಸುಟ್ಟ ಗಾಯ. ಅಳತೆ ಎಷ್ಟು ಎಂದು ಕೇಳಿದ್ದಕ್ಕೆ, "ಅದೆಲ್ಲ ಬರ್ಯಕ್ಕೆ ಆಗಲ್ಲ ಕಣೋ, ಕೈಗೇ ಗೊತ್ತಿರತ್ತೆ" ಎಂದಳು. ನನಗೂ ನಿದ್ದೆ ಬರುತ್ತಿತ್ತು. ಬಿಟ್ಟುಬಿಟ್ಟೆ.

ಇರಲಿ, ಈಗ ಇತಿಹಾಸಕ್ಕೆ ಬರೋಣ. ಗಿಡಮೂಲಿಕೆಯ ಮಾತು ಬಂದರೆ ನಾವೆಲ್ಲ ಚರಕ, ಸುಶ್ರುತ ಎಂದು ಶುರು ಮಾಡುತ್ತೇವೆ. ನಾನು ನನ್ನ ಮನೆಯಿಂದ ಲೋಕಲ್ ಟ್ರೈನಿನಲ್ಲಿ ಹೋಗಿ ನೋಡಬಹುದಾದ ಜಾಗದಿಂದ ಶುರು ಮಾಡುತ್ತೇನೆ.

ಲೋಣಾವಳಾ ಲೋಕಲ್ ಹಿಡಿದರೆ ಖಡ್ಕಿ ಆದ ಮೇಲೆ ದಾಪೋಡಿ ಬರುತ್ತದೆ. ಈಗ ಅದು ಕಾರ್ಖಾನೆ, ಚಾಳು, ಫ್ಲೈಓವರುಗಳ ಊರು. ಪೇಶ್ವೆಯರ ಕೊನೆಗಾಲದಲ್ಲಿ ಅಲ್ಲಿ ಕ್ಯಾಪ್ಟನ್ ಫೋರ್ಡ್ ಎಂಬ ಇಂಗ್ಲಿಷ್ ಅಧಿಕಾರಿ ಇದ್ದ. ಎರಡನೇ ಬಾಜೀರಾಯನ ಸಂಬಳದ ಪಡೆಗೆ ಆತ ದಳಪತಿ. 1817ರ ನವೆಂಬರ್ 5ರಂದು ಖಡ್ಕಿ ಯುದ್ಧ ನಡೆದಾಗ ಅದೇ ಪಡೆಯನ್ನು ಕರೆದುಕೊಂಡು ಹೋಗಿ ಇಂಗ್ಲಿಷರ ಕಡೆ ನಿಂತ. ಆತ ಮುಳಾ ನದಿಯ ದಡದಲ್ಲಿ ಕಟ್ಟಿಸಿದ್ದ ಬಂಗಲೆಯನ್ನು 1828ರಲ್ಲಿ ಮುಂಬಯಿ ಗವರ್ನರ್ ಸರ್ ಜಾನ್ ಮಾಲ್ಕಂ ಸರಕಾರಕ್ಕೆ ಕೊಂಡುಕೊಂಡ. ಮಳೆಗಾಲದಲ್ಲಿ ಗವರ್ನರ್ ಇರಲು ಬಂಗಲೆ, ಅದರ ಸುತ್ತ ಸಸ್ಯೋದ್ಯಾನ. ಹಳೆಯ ಕಾಗದಪತ್ರಗಳಲ್ಲಿ ದಾಪುರಿ ಎಂದು ಬರೆಯುತ್ತಿದ್ದುದು ಇದನ್ನೇ.

1838ರಲ್ಲಿ ಈ ತೋಟದ ಉಸ್ತುವಾರಿಗೆ ಅಲೆಕ್ಸಾಂಡರ್ ಗಿಬ್ಸನ್ ಎಂಬ ಸ್ಕಾಟ್ಲೆಂಡಿನ ಡಾಕ್ಟರು ಬಂದರು. ಅದಕ್ಕೆ ಮುಂಚೆ ದಖ್ಖನ್ ಮತ್ತು ಖಾನದೇಶದ ಹಳ್ಳಿಗಳಲ್ಲಿ ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕಿಸುತ್ತಾ ತಿರುಗಿದವರು. ಕಂಪನಿ ಸರಕಾರಕ್ಕೆ ಒಂದು ತಲೆನೋವಿತ್ತು. ಸೈನ್ಯದ ಆಸ್ಪತ್ರೆಗಳಿಗೆ ಬೇಕಾದ ಔಷಧಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರಬೇಕು, ಅದು ದುಬಾರಿ. ಬೇಕಾದ ಗಿಡಗಳನ್ನು ಇಲ್ಲೇ ಬೆಳೆದರೆ? ಗಿಬ್ಸನ್ ದಾಪೋಡಿಯಲ್ಲಿ, ಜುನ್ನರದ ಹತ್ತಿರದ ಹಿವರೆ ಎಂಬಲ್ಲಿ ಔಷಧಿ ತೋಟಗಳನ್ನು ಬೆಳೆಸಿದರು. ಭೇದಿಗೆ ಸೋನಾಮುಖಿ, ನೋವು ಮತ್ತು ಸೆಳೆತಕ್ಕೆ ಖುರಾಸಾನಿ ಓಮ. ಬೆಳೆದು, ಒಣಗಿಸಿ, ಸತ್ವ ತೆಗೆದು ಮುಂಬಯಿಯ ಸರಕಾರಿ ಔಷಧ ಉಗ್ರಾಣಕ್ಕೆ ಕಳಿಸುವುದು. ಪುಣೆಯ ಬಳಿ ಸರಕಾರವೇ ಗಿಡಮೂಲಿಕೆ ಬೆಳೆಸಿ ಔಷಧಿ ಮಾಡಿಸಿದ ಕಾಲ ಅದು. 1847ರಲ್ಲಿ ಗಿಬ್ಸನ್ನರು ಮುಂಬಯಿ ಪ್ರಾಂತ್ಯದ ಅರಣ್ಯ ಸಂರಕ್ಷಕರಾದರು. 1861ರಲ್ಲಿ ಡಾಲ್ಜೆಲ್ ಎಂಬುವರ ಜೊತೆ ಸೇರಿ ಮುಂಬಯಿ ಪ್ರಾಂತ್ಯದ ಸಸ್ಯಗಳ ಬಗ್ಗೆ ಒಂದು ಪುಸ್ತಕವನ್ನೂ ಹೊರತಂದರು.

ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ ಸಂಗತಿ. ಗಿಬ್ಸನ್ 1840ರ ದಶಕದ ಕೊನೆಯಲ್ಲಿ ತೋಟದ ಗಿಡಗಳ ಬಣ್ಣದ ಚಿತ್ರ ಬರೆಸಿದರು, ನೂರಕ್ಕೂ ಹೆಚ್ಚು. ಅವು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ನಿನಲ್ಲಿ ಭದ್ರವಾಗಿವೆ. 2002ರಲ್ಲಿ ಹೆನ್ರಿ ನೋಲ್ಟಿ ಎಂಬ ಸಸ್ಯಶಾಸ್ತ್ರಜ್ಞರು ಅವುಗಳ ಮೇಲೆ ಒಂದು ಚೆಂದದ ಪುಸ್ತಕ ಮಾಡಿದ್ದಾರೆ. ಚಿತ್ರ ಬರೆದವನು ಯಾರು? ಒಬ್ಬ ಪೋರ್ಚುಗೀಸ್-ಇಂಡಿಯನ್, ಅಷ್ಟೇ. ಹೆಸರು ಉಳಿದಿಲ್ಲ. ಎಲೆಯ ಒಂದೊಂದು ನರವನ್ನೂ ಬಿಡದೆ ಬರೆದವನ ಹೆಸರು ಬರೆದಿಡಲು ಯಾರಿಗೂ ತೋಚಲಿಲ್ಲ. ನೆಲ ಅಗೆದ, ನೀರು ಹಾಯಿಸಿದ ಮಾಲಿಗಳ ಮಾತಂತೂ ಬೇಡವೇ ಬೇಡ.

1865ರಲ್ಲಿ ದಾಪೋಡಿಯ ತೋಟ ಮುಚ್ಚಿತು. ಗವರ್ನರ್ ನಿವಾಸ ಗಣೇಶಖಿಂಡಿಗೆ ಹೋಯಿತು. ಗಣೇಶಖಿಂಡಿನ ಆ ಅರಮನೆಯೇ ಈಗ ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ. ಅಲ್ಲಿಂದ ಪಾಷಾಣ ರಸ್ತೆಗೆ ಇಳಿದರೆ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಸಿಗುತ್ತದೆ. ಪುಣೆಯವರ ಬಾಯಲ್ಲಿ ಎನ್‌ಸಿಎಲ್. 1950ರ ಜನವರಿಯಲ್ಲಿ ನೆಹರೂ ಉದ್ಘಾಟಿಸಿದ್ದು. ನಮ್ಮ ಅರಿಶಿನದ ಕತೆಗೆ ಹೋಗಲು ಈ ಗೇಟಿನ ಮುಂದೆಯೇ ಹಾದುಹೋಗಬೇಕು.

1995ರ ಮಾರ್ಚಿನಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಒಂದು ಪೇಟೆಂಟ್ ಸಿಕ್ಕಿತು. ಗಾಯ ಮಾಯಲು ಅರಿಶಿನದ ಪುಡಿ ಬಳಸುವ ವಿಧಾನಕ್ಕೆ! ಪೇಟೆಂಟಿನಲ್ಲಿ ಆವಿಷ್ಕಾರಕರು ಎಂದು ಹೆಸರಿರುವ ಸುಮನ್ ದಾಸ್ ಮತ್ತು ಹರಿಹರ್ ಕೋಹ್ಲಿ ಇಬ್ಬರೂ ಭಾರತ ಮೂಲದವರು. ಮೊದಲ ಸಲ ಇದನ್ನು ಓದಿದಾಗ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಕಸಿವಿಸಿ ಆಯಿತು. ಊರು ಬಿಟ್ಟು ಹೋದವರು ಜೊತೆಗೆ ಏನು ಒಯ್ಯುತ್ತೇವೆ? ಅಮ್ಮನ ಅಡುಗೆ, ಅಮ್ಮನ ಔಷಧಿ. ಅವರೂ ಒಯ್ದಿದ್ದರು, ಅಷ್ಟೇ ವ್ಯತ್ಯಾಸ. ಅರಿಶಿನವನ್ನು ಭಾರತದಲ್ಲಿ ಬಹುಕಾಲದಿಂದ ಉಳುಕಿಗೆ, ಊತಕ್ಕೆ ಬಳಸುತ್ತಾರೆ ಎಂದು ಆ ಪೇಟೆಂಟಿನಲ್ಲೇ ಅವರು ಒಪ್ಪಿಕೊಂಡಿದ್ದರು. ಹಾಗಾಗಿ ಬಚ್ಚಿಟ್ಟರು ಎನ್ನುವುದೂ ಕಷ್ಟ.

ಒಪ್ಪಿಕೊಂಡ ಮೇಲೂ ಪೇಟೆಂಟ್ ಸಿಕ್ಕಿದ್ದು ಹೇಗೆ? ಸ್ವಾರಸ್ಯ ಇರುವುದೇ ಇಲ್ಲಿ. ಅಮೆರಿಕದ ಆಗಿನ ಕಾನೂನಿನಲ್ಲಿ ಒಂದು ಸಂಗತಿ ಮೊದಲೇ ಗೊತ್ತಿತ್ತು ಎಂದು ತೋರಿಸಬೇಕಾದರೆ ಎರಡು ದಾರಿ. ಅಮೆರಿಕದ ಒಳಗೆ ಅದು ತಿಳಿದಿರಬೇಕು ಅಥವಾ ಬಳಕೆಯಲ್ಲಿರಬೇಕು. ಇಲ್ಲವಾದರೆ ಪ್ರಪಂಚದ ಯಾವುದೇ ಮೂಲೆಯಲ್ಲಿ ಅದು ಪೇಟೆಂಟ್ ಆಗಿರಬೇಕು ಅಥವಾ ಅಚ್ಚಾಗಿರಬೇಕು. ಹೊರದೇಶದಲ್ಲಿ ಕೋಟ್ಯಂತರ ಜನ ದಿನಾ ಮಾಡುತ್ತಾರೆ ಎಂಬುದು ಲೆಕ್ಕಕ್ಕಿಲ್ಲ. ಅಂದರೆ ನನ್ನ ಅಮ್ಮ ವಾಷಿಂಗ್ಟನ್ನಿಗೆ ಹೋಗಿ, ಕೈ ಸುಟ್ಟಾಗ, ಕತ್ತಿ ತಾಗಿದಾಗ ನಾನು ಅರಿಶಿನ ಹಚ್ಚಿದ್ದೇನೆ, ನನ್ನ ಅಮ್ಮನೂ ಹಚ್ಚಿದ್ದಳು ಎಂದು ಆಣೆ ಮಾಡಿ ಹೇಳಿದ್ದರೂ ಅದು ಸಾಕ್ಷಿಯೇ ಅಲ್ಲ. ಅವಳು ಅದನ್ನು ಒಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದರೆ ಮಾತ್ರ ಸಾಕ್ಷಿ. ಈ ವ್ಯತ್ಯಾಸವನ್ನು ಅಮೆರಿಕ ತೆಗೆದುಹಾಕಿದ್ದು 2011ರ ತಿದ್ದುಪಡಿಯಲ್ಲಿ. 2013ರ ಮಾರ್ಚಿನಿಂದ ಅದು ಜಾರಿಗೆ ಬಂತು.

1995ರಲ್ಲೇ ಎನ್‌ಸಿಎಲ್‌ನ ನಿರ್ದೇಶಕರಾಗಿದ್ದ ಡಾ. ರಘುನಾಥ ಮಾಶೇಲಕರ ದೆಹಲಿಗೆ ಹೋಗಿ ಸಿಎಸ್‌ಐಆರ್‌ನ ಮಹಾನಿರ್ದೇಶಕರಾದರು. ಗೋವಾದ ಮಾಶೇಲದಲ್ಲಿ ಹುಟ್ಟಿದವರು, ಆರು ವರ್ಷ ಪಾಷಾಣ ರಸ್ತೆಯ ಆ ಸಂಸ್ಥೆಯನ್ನು ನಡೆಸಿದವರು. ಪ್ರಯೋಗಾಲಯಗಳಿಗೆ ಪೇಟೆಂಟಿನ ಬೆಲೆ ತಿಳಿಯಬೇಕು ಎಂದು ಹೋದಲ್ಲೆಲ್ಲ ಹೇಳುತ್ತಿದ್ದವರು. ಅವರ ಕಾಲದಲ್ಲಿ, 1996ರ ಅಕ್ಟೋಬರಿನಲ್ಲಿ, ಅರಿಶಿನದ ಪೇಟೆಂಟನ್ನು ಮರುಪರಿಶೀಲಿಸಿ ಎಂದು ಸಿಎಸ್‌ಐಆರ್ ಅರ್ಜಿ ಹಾಕಿತು. ಜೊತೆಗೆ 32 ದಾಖಲೆಗಳು. ಸಂಸ್ಕೃತ, ಹಿಂದಿ, ಉರ್ದುವಿನಿಂದ ಹೆಕ್ಕಿದವೂ ಇದ್ದವು. 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಚ್ಚಾದ ಒಂದು ಲೇಖನವೂ ಇತ್ತು. 1997ರ ಆಗಸ್ಟಿನಲ್ಲಿ ಪೇಟೆಂಟ್ ಕಚೇರಿ ಸಿಎಸ್‌ಐಆರ್ ವಾದ ಒಪ್ಪಿತು, ಪೇಟೆಂಟ್ ಬಿದ್ದುಹೋಯಿತು.

ಪೇಪರುಗಳಲ್ಲಿ ಹಳದೀಘಾಟಿನ ಯುದ್ಧ ಗೆದ್ದೆವು ಎಂದು ಬರೆದರು. ಮರಾಠಿಯಲ್ಲಿ ಅರಿಶಿನಕ್ಕೆ ಹಳದ್ ಅಲ್ಲವೇ, ಪುಣೆಯವರಿಗೆ ಅದು ಇನ್ನೂ ಚೆನ್ನಾಗಿ ಹೊಂದಿತು. ನಾವೂ ಆಫೀಸಿನಲ್ಲಿ ಖುಷಿಪಟ್ಟೆವು. ಆದರೆ ಗೆದ್ದದ್ದು ಅರಿಶಿನವಾ, ಕಾಗದವಾ? ಆ 32 ಕಾಗದಗಳು ಸಿಗದೇ ಹೋಗಿದ್ದರೆ ಏನಾಗುತ್ತಿತ್ತು? ಸಾಂಗಲಿಯಿಂದ ನಿಪ್ಪಾಣಿವರೆಗೆ ಒಂದೊಂದು ಮನೆಯಲ್ಲೂ ದಿನಾ ನಡೆಯುವ ಕೆಲಸಕ್ಕೆ ಸಾಕ್ಷಿ ಇಲ್ಲ ಎಂದಾಗುತ್ತಿತ್ತು. ಸಾಂಗಲಿ ಎಂದಾಗ ನೆನಪಾಯಿತು. ಅಲ್ಲಿಯ ಹರಿಪುರದಲ್ಲಿ ಅರಿಶಿನವನ್ನು ನೆಲದೊಳಗಿನ ಗುಂಡಿಗಳಲ್ಲಿ ತುಂಬಿಡುತ್ತಿದ್ದರು. ಅದಕ್ಕೆ ಅವರು ಪೇವ ಎನ್ನುತ್ತಾರೆ, ನಮ್ಮ ಹಗೇವು ಇದ್ದ ಹಾಗೆ. 2005ರ ಕೃಷ್ಣೆಯ ಮಹಾಪೂರದಲ್ಲಿ ಅವುಗಳಲ್ಲಿ ಬಹಳಷ್ಟು ಹಾಳಾದವು. ಸಾಂಗಲಿ ಅರಿಶಿನಕ್ಕೆ 2018ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದೆ, ಅದೂ ಕಾಗದವೇ.

ಈಗ ಇನ್ನೊಂದು ಮೊಕದ್ದಮೆ. ಅರಿಶಿನದ್ದು ಎಲ್ಲರಿಗೂ ಗೊತ್ತು, ಇದರಲ್ಲಿ ಪುಣೆಯ ಪಾಲಿದೆ ಎಂಬುದು ಪುಣೆಯವರಿಗೇ ಗೊತ್ತಿಲ್ಲ.

1994ರಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಬೇವಿನ ಎಣ್ಣೆಯ ಮೇಲೆ ಒಂದು ಪೇಟೆಂಟ್ ಕೊಟ್ಟಿತು. ಪಡೆದವರು ಅಮೆರಿಕದ ಡಬ್ಲ್ಯು. ಆರ್. ಗ್ರೇಸ್ ಕಂಪನಿ ಮತ್ತು ಅಲ್ಲಿಯ ಕೃಷಿ ಇಲಾಖೆ. ಗಿಡಗಳಿಗೆ ಬರುವ ಬೂಷ್ಟು ರೋಗವನ್ನು ಬೇವಿನ ಎಣ್ಣೆಯಿಂದ ತಡೆಯುವ ವಿಧಾನ ಅದು. ನಮ್ಮಲ್ಲಿ ಬೇವು ಮನುಷ್ಯರಿಗೂ ಔಷಧಿ, ದನಕ್ಕೂ ಔಷಧಿ, ಬೆಳೆಗೂ ಔಷಧಿ. ಯುಗಾದಿಯ ದಿನ ಬಾಯಿಗೆ, ಸಿಡುಬು ಬಂದರೆ ಹಾಸಿಗೆಗೆ, ಕಾಳಿನ ಡಬ್ಬಕ್ಕೆ ಒಣ ಎಲೆ. ವಂದನಾ ಶಿವ, ಯುರೋಪಿನ ಸಂಸತ್ತಿನ ಹಸಿರು ಗುಂಪು, ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟ, ಇವರು ಸೇರಿ ಆಕ್ಷೇಪಣೆ ಹಾಕಿದರು. 2000ದ ಮೇ ತಿಂಗಳಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ವಿಚಾರಣೆ ನಡೆಯಿತು.

ಅಲ್ಲಿ ಸಾಕ್ಷಿ ಹೇಳಲು ಹೋದವರು ಪುಣೆಯ ಉದ್ಯಮಿ ಅಭಯ ಫಡಕೆ. 1985 ಮತ್ತು 1986ರಲ್ಲಿ ಬೇವಿನಿಂದ ಸತ್ವ ತೆಗೆದು ಪುಣೆ ಮತ್ತು ಸಾಂಗಲಿ ಜಿಲ್ಲೆಯ ಹೊಲಗಳಲ್ಲಿ ಪ್ರಯೋಗ ಮಾಡಿದ್ದೆ, ರೈತರ ಎದುರಿಗೇ, ಎಂದು ಅವರು ಹೇಳಿದರು. ಯುರೋಪಿನ ಕಾನೂನು ಅಮೆರಿಕದ್ದರ ಹಾಗಲ್ಲ. ಎಲ್ಲಿಯೇ ಆಗಲಿ ಬಹಿರಂಗವಾಗಿ ಬಳಸಿದ್ದರೆ ಸಾಕು, ಅದನ್ನು ಸಾಬೀತು ಮಾಡಿದರಾಯಿತು. ಅವರ ಮಾತನ್ನು ನಂಬಿದರು, ಪೇಟೆಂಟ್ ರದ್ದಾಯಿತು. ಕಂಪನಿಯವರು ಮೇಲ್ಮನವಿ ಹಾಕಿದರು. 2005ರ ಮಾರ್ಚಿನಲ್ಲಿ ಅದೂ ವಜಾ ಆಯಿತು.

ಅರಿಶಿನಕ್ಕೆ ಕಾಗದ ಸಾಕ್ಷಿ ಹೇಳಿತು, ಬೇವಿಗೆ ಮನುಷ್ಯ ಸಾಕ್ಷಿ ಹೇಳಿದ. ಫಡಕೆಯವರು ಕಂಪನಿ ನಡೆಸುವವರು, ಇಸವಿ, ಊರು, ಹೊಲ ಹೇಳಬಲ್ಲವರು, ವಿಮಾನ ಹತ್ತಿ ಮ್ಯೂನಿಕ್ಕಿಗೆ ಹೋಗಬಲ್ಲವರು ಎಂಬುದನ್ನೂ ಮರೆಯುವ ಹಾಗಿಲ್ಲ. ಕಾಳಿನ ಡಬ್ಬಕ್ಕೆ ಬೇವಿನೆಲೆ ಹಾಕಿಟ್ಟ ಅಜ್ಜಿಯ ಹತ್ತಿರ ಇಸವಿ ಎಲ್ಲಿಂದ ಬರಬೇಕು?

ಅರಿಶಿನದ ಗಲಾಟೆಯಿಂದ ಸರಕಾರಕ್ಕೂ ಬುದ್ಧಿ ಬಂತು. ಒಂದೊಂದು ಪೇಟೆಂಟಿಗೂ ಹೀಗೆ ಓಡಾಡುವುದಕ್ಕಿಂತ, ಹಳೆಯ ಗ್ರಂಥಗಳಲ್ಲಿರುವ ಔಷಧಿಗಳನ್ನೆಲ್ಲ ಮೊದಲೇ ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನಿ ಭಾಷೆಗಳಿಗೆ ಇಳಿಸಿ, ಪೇಟೆಂಟ್ ಪರೀಕ್ಷಕರ ಕಂಪ್ಯೂಟರಿನಲ್ಲೇ ಇಟ್ಟುಬಿಡೋಣ ಎಂದು 2001ರಲ್ಲಿ ಪಾರಂಪರಿಕ ಜ್ಞಾನದ ಡಿಜಿಟಲ್ ಲೈಬ್ರರಿ ಶುರುವಾಯಿತು. 2009ರಲ್ಲಿ ಯುರೋಪಿನ ಪೇಟೆಂಟ್ ಕಚೇರಿಯ ಜೊತೆ ಒಪ್ಪಂದ ಆಯಿತು. 2022ರಲ್ಲಿ ಇದನ್ನು ಪೇಟೆಂಟ್ ಕಚೇರಿಗಳಲ್ಲದೆ ಬೇರೆಯವರಿಗೂ ತೆರೆಯಲು ಕೇಂದ್ರ ಸಂಪುಟ ಒಪ್ಪಿತು. ಕೆಲಸ ದೊಡ್ಡದು, ಒಳ್ಳೆಯದು. ಆದರೆ ಯಾವ ಭಾಷೆಗಳ ಗ್ರಂಥಗಳಿಂದ ತೆಗೆದದ್ದು ಎಂದು ಹೇಳುವಾಗ ಹೆಸರಿಸುವುದು ಸಂಸ್ಕೃತ, ಹಿಂದಿ, ಅರಬ್ಬಿ, ಪಾರ್ಸಿ, ಉರ್ದು, ತಮಿಳು. ಆ ಸಾಲಿನಲ್ಲಿ ಕನ್ನಡದ ಹೆಸರು ಕಾಣುವುದಿಲ್ಲ.

ಕನ್ನಡದಲ್ಲಿ ಬರೆದಿಡಲಿಲ್ಲವೇ? ಹಾಗಲ್ಲ. 11ನೇ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿ ಅಡುಗೆ, ಬಾವಿ ತೋಡುವುದು, ಮರಗಿಡಗಳ ಆರೈಕೆ, ಔಷಧಿ ಎಲ್ಲ ಇದೆ. ಚಾಲುಕ್ಯ ರಾಜಮನೆತನದ ಕೀರ್ತಿವರ್ಮ 12ನೇ ಶತಮಾನದ ಮೊದಲ ಭಾಗದಲ್ಲಿ ದನಗಳ ರೋಗಕ್ಕೆ ಗೋವೈದ್ಯ ಬರೆದ. ಅದೇ ಶತಮಾನದ ಜಗದ್ದಳ ಸೋಮನಾಥ, ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ. ಜೈನ ಸಂಪ್ರದಾಯದ ವೈದ್ಯವಾದ್ದರಿಂದ ಮದ್ಯ, ಮಾಂಸ, ಜೇನು ಬಳಸದೆ ಗಿಡಮೂಲಿಕೆಯ ಮೇಲೆಯೇ ನಿಂತ ಚಿಕಿತ್ಸೆ ಅದು. 14ನೇ ಶತಮಾನದಲ್ಲಿ ಮಂಗರಾಜ ವಿಷಚಿಕಿತ್ಸೆಗೆ ಖಗೇಂದ್ರಮಣಿದರ್ಪಣ ಬರೆದ. ಹೀಗಿದ್ದೂ ಕನ್ನಡ ಸಾಹಿತ್ಯ ಎಂದರೆ ನಮಗೆ ಪಂಪ, ರನ್ನ, ಕುಮಾರವ್ಯಾಸ. ಪುಣೆಯ ಕನ್ನಡಿಗರ ಕೂಟಗಳಲ್ಲಿ ನಲವತ್ತು ವರ್ಷ ಕೂತಿದ್ದೇನೆ, ಕೀರ್ತಿವರ್ಮನ ಹೆಸರು ಒಮ್ಮೆಯೂ ಕೇಳಿಲ್ಲ. ನನ್ನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ಪುಸ್ತಕಕ್ಕೆ ಬಾರದ, ಊರೂರಿನ ತಿಳಿವಳಿಕೆಗೆ ಒಂದು ದಾರಿ ಇದೆ. ಪುಣೆಯಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೂರು ದಶಕ ದುಡಿದ ಮಾಧವ ಗಾಡಗೀಳರು ಜನರೇ ತಮ್ಮ ಊರಿನ ಗಿಡ, ಪ್ರಾಣಿ, ಅವುಗಳ ಬಳಕೆ ಎಲ್ಲವನ್ನೂ ದಾಖಲಿಸುವ ರಿಜಿಸ್ಟರಿನ ಕಲ್ಪನೆಯನ್ನು ಬೆಳೆಸಿದರು. 2002ರ ಜೀವವೈವಿಧ್ಯ ಕಾಯಿದೆಯಿಂದ ಅದು ಪಂಚಾಯಿತಿಗಳ ಕೆಲಸವಾಯಿತು. ಹೇಳಿದವರ ಹೆಸರನ್ನೂ ಬರೆಯಬೇಕು ಎಂಬುದು ಅದರಲ್ಲಿ ನನಗೆ ಬಹಳ ಹಿಡಿಸಿದ್ದು. ದಾಪೋಡಿಯ ಚಿತ್ರಕಾರನಿಗೆ ಆ ಭಾಗ್ಯ ಇರಲಿಲ್ಲ.

ಬರೆದಿಡಿ ಬರೆದಿಡಿ ಎನ್ನುತ್ತಿದ್ದೇನೆ, ಬರೆದದ್ದೆಲ್ಲ ಸರಿ ಎಂದು ಮಾತ್ರ ತಿಳಿಯಬೇಡಿ. ಸಾಕ್ಷಿ ಬೇರೆ, ಗುಣ ಬೇರೆ. ಅರಿಶಿನ ನಮ್ಮದು ಎಂದು ಗೆದ್ದೆವು, ಅದು ಎಲ್ಲಕ್ಕೂ ಮದ್ದು ಎಂದು ಅಲ್ಲ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಮೇಲೆ ನಡೆದ ಸಂಶೋಧನೆಗಳನ್ನೆಲ್ಲ ಜರಡಿ ಹಿಡಿದು 2017ರಲ್ಲಿ ಬಂದ ಒಂದು ದೊಡ್ಡ ವಿಮರ್ಶೆ, ಅದು ಮೈಗೆ ಹತ್ತುವುದೇ ಕಡಿಮೆ, ಸರಿಯಾದ ಪರೀಕ್ಷೆಯಲ್ಲಿ ಗೆದ್ದದ್ದು ಕಾಣಲಿಲ್ಲ ಎಂದಿತು. ಇನ್ನೊಂದು ಕಡೆ ಆಡುಸೋಗೆ. ಕೆಮ್ಮಿಗೆ ಆಡುಸೋಗೆ ಕಷಾಯ ಕುಡಿಯದ ಮಲೆನಾಡಿನ ಮಗು ಇಲ್ಲ. ಅದರಲ್ಲಿರುವ ವಾಸಿಸಿನ್ ಎಂಬ ಸತ್ವದ ಜಾಡು ಹಿಡಿದೇ 1960ರ ದಶಕದಲ್ಲಿ ಜರ್ಮನಿಯಲ್ಲಿ ಬ್ರೋಮ್‌ಹೆಕ್ಸಿನ್ ತಯಾರಾಯಿತು, ಅದರಿಂದ ಆಂಬ್ರೋಕ್ಸಾಲ್ ಬಂತು. ಇವತ್ತು ಡಾಕ್ಟರು ಬರೆದುಕೊಡುವ ಕಫದ ಸಿರಪ್ಪಿನ ಬಾಟಲಿ ತಿರುಗಿಸಿ ನೋಡಿ, ಇವೆರಡರಲ್ಲಿ ಒಂದು ಹೆಸರು ಇದ್ದರೂ ಇದ್ದೀತು.

ಕೊರೋನಾ ಕಾಲದಲ್ಲಿ ಅಮೃತಬಳ್ಳಿಗೆ ಬಂದ ಬೇಡಿಕೆ ನೆನಪಿದೆಯಲ್ಲ? ಇಲ್ಲಿ ಗುಳವೇಲ ಎನ್ನುತ್ತಾರೆ. ನಮ್ಮ ಸೊಸೈಟಿಯ ಬೇವಿನ ಮರಕ್ಕೆ ಹಬ್ಬಿದ್ದ ಬಳ್ಳಿಯನ್ನು ಎರಡೇ ತಿಂಗಳಲ್ಲಿ ಬೋಳಿಸಿಬಿಟ್ಟರು. ದಿನಾ ಬೆಳಿಗ್ಗೆ ಲೋಟಗಟ್ಟಲೆ ಕಷಾಯ. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಹೀಗೆ ಕುಡಿದು ಯಕೃತ್ತಿಗೆ ಪೆಟ್ಟಾದ ಆರು ಜನರ ವಿವರವನ್ನು ಮುಂಬಯಿಯ ವೈದ್ಯರು ಮರುವರ್ಷ ಪ್ರಕಟಿಸಿದರು. ಆಯುಷ್ ಮಂತ್ರಾಲಯ ಒಪ್ಪಲಿಲ್ಲ. ಅವರು ಕುಡಿದದ್ದು ಅಮೃತಬಳ್ಳಿಯೇ ಎಂದು ಗುರುತು ಹಿಡಿದದ್ದು ಸಾಲದು, ಅದನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಎಂದರು. ಯಾರದು ಸರಿ ಎಂದು ತೀರ್ಮಾನಿಸುವಷ್ಟು ನಾನು ಓದಿದವನಲ್ಲ. ಯಾವ ಬಳ್ಳಿ ಎಂಬ ಪ್ರಶ್ನೆ ಮಾತ್ರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಬ್ರಾಹ್ಮಿ ಎಂದು ಕೇಳಿದರೆ ಒಬ್ಬ ನಮ್ಮ ಒಂದೆಲಗ ಕೊಡುತ್ತಾನೆ, ಇನ್ನೊಬ್ಬ ನೀರುಬ್ರಾಹ್ಮಿ ಕೊಡುತ್ತಾನೆ. ಆಯುರ್ವೇದದ ಅಧಿಕೃತ ಪಟ್ಟಿಯಲ್ಲಿ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ, ಒಂದೆಲಗಕ್ಕೆ ಮಂಡೂಕಪರ್ಣಿ ಎಂದು ಹೆಸರು. ಅಮ್ಮ ಮೂಗು ಹಾಕಿ ಕಂಡುಹಿಡಿದಳಲ್ಲ ಬಜೆ, ಅದನ್ನು ಆಹಾರದಲ್ಲಿ ಸೇರಿಸಬಾರದು ಎಂದು ಅಮೆರಿಕ 1968ರಲ್ಲೇ ನಿಷೇಧಿಸಿದೆ. ಅದರ ಎಣ್ಣೆಯಲ್ಲಿರುವ ಬೀಟಾ-ಅಸರೋನ್ ಎಂಬ ಅಂಶ ಇಲಿಗಳಲ್ಲಿ ಗಡ್ಡೆ ಬೆಳೆಸಿತ್ತಂತೆ. ಮೊಮ್ಮಗ ಹುಟ್ಟಿದಾಗ ಮಗಳು ಸಾಣೆಕಲ್ಲನ್ನು ಮುಟ್ಟಲು ಬಿಡಲಿಲ್ಲ. ನನಗೆ ಬೇಜಾರಾಯಿತು, ಆದರೆ ಎದುರು ಹೇಳಲಿಲ್ಲ. ಹೇಳಲು ಅಳತೆಯಾದರೂ ನನಗೆ ಎಲ್ಲಿ ಗೊತ್ತಿತ್ತು? ಒಂದು ಸುತ್ತು ತೇಯುವುದು ಎಂದರೆ ಎಷ್ಟು ಎಂದು ಗೊತ್ತಿದ್ದ ಕೈ 1999ರಲ್ಲೇ ಹೋಗಿಬಿಟ್ಟಿತ್ತು.

ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಇಪ್ಪತ್ತಮೂರರಲ್ಲಿ ಹತ್ತೊಂಬತ್ತು ಹೆಸರಿಗೆ ಮರಾಠಿ ಹೆಸರು ಸಿಕ್ಕಿದೆ. ಕೆಲವು ಮಂಡಈಯ ಪತ್ರಿ ಗುಡ್ಡೆಯಲ್ಲಿ ಸಿಕ್ಕವು. ಲಕ್ಕಿ ಎಂದರೆ ನಿರ್ಗುಡಿ ಎಂದು ಹೇಳಿದ್ದು ನಮ್ಮ ಮನೆಕೆಲಸಕ್ಕೆ ಬರುತ್ತಿದ್ದ ಮಾವಶಿ. ನೆಲನೆಲ್ಲಿ ಭುಯಿ‌ಆವಳಾ ಎಂದು ನಾನೇ ಊಹಿಸಿದೆ, ಸರಿಯಾಯಿತು. ಮೂರು ಹೆಸರನ್ನು ಊರಿನ ಹಿರಿಯರೊಬ್ಬರಿಗೆ ಫೋನಿನಲ್ಲಿ ಓದಿ ಹೇಳಿದೆ, "ಕೇಳಿದ್ದೆ, ಮರ್ತು ಹೋಗಿದೆ ಮಾರಾಯ" ಎಂದರು.

ಉಳಿದ ಒಂದು, ಪಟ್ಟಿಯಲ್ಲಿ ಹದಿನೇಳನೆಯದು. ನನ್ನದೇ ಅಕ್ಷರದಲ್ಲಿ "ಬಾವಿಕಟ್ಟೆ ಸೊಪ್ಪು - ಸುಟ್ಟ ಗಾಯ" ಎಂದಿದೆ. ಅದು ಗಿಡದ ಹೆಸರೇ ಅಲ್ಲ. ನಮ್ಮ ಮನೆಯ ಹಿತ್ತಲ ಬಾವಿಕಟ್ಟೆಯ ಕಲ್ಲು ಸಂದಿಯಲ್ಲಿ ಬೆಳೆಯುತ್ತಿದ್ದ ಯಾವುದೋ ಸೊಪ್ಪು, ಅಮ್ಮನಿಗೆ ಅಷ್ಟು ಹೇಳಿದರೆ ಸಾಕಿತ್ತು, ನನಗೂ ಆಗ ಸಾಕಿತ್ತು. ಚಿಕ್ಕವನಿದ್ದಾಗ ಬಚ್ಚಲ ಹಂಡೆ ತಾಗಿ ಮೊಣಕೈ ಸುಟ್ಟುಕೊಂಡಾಗ ಅದನ್ನೇ ಅರೆದು ಹಚ್ಚಿದ್ದಳು. ತಣ್ಣಗಾದದ್ದು ನೆನಪಿದೆ, ಸ್ವಲ್ಪ ಹುಳಿ ಹುಳಿ ವಾಸನೆ ನೆನಪಿದೆ. ಎಲೆ ಹೇಗಿತ್ತು ಎಂದು ಎಷ್ಟು ಕಣ್ಣುಮುಚ್ಚಿ ಕೂತರೂ ಬರುವುದಿಲ್ಲ. ಮನೆ ಮಾರಿ ಇಪ್ಪತ್ತು ವರ್ಷ ಆಯಿತು. ಕೊಂಡವರು ಬೋರ್‌ವೆಲ್ ಹಾಕಿಸಿ ಬಾವಿಯನ್ನು ಮುಚ್ಚಿಸಿದ್ದಾರೆ. ಕಳೆದ ಬೇಸಿಗೆಯಲ್ಲಿ ಹೋದಾಗ ಅವರನ್ನು ಕೇಳಿ ಹಿತ್ತಲಿಗೆ ಹೋಗಿ ನೋಡಿ ಬಂದೆ. ಕಟ್ಟೆ ಇದ್ದ ಜಾಗದಲ್ಲಿ ಸಿಮೆಂಟು ಹಾಕಿ ಬೈಕು ನಿಲ್ಲಿಸಿದ್ದರು.